ಮಲಗಿರೋ ಕರಡಿಗೆ ಕೂಗಬೇಡ್ರಪ್ಪ

ನಮ್ಮ ಕಾಡಿನ ಕರಡಿಗೆ ಹೆಸರಲ್ಲೇ ಅನ್ಯಾಯ ಆಗಿದೆ. 1791ರಲ್ಲಿ ಜಾರ್ಜ್ ಶಾ ಅನ್ನೋ ಇಂಗ್ಲಿಷ್ ಪ್ರಾಣಿಶಾಸ್ತ್ರಜ್ಞ ಇದರ ಉದ್ದುದ್ದ ಉಗುರು ನೋಡಿ, ಮರಕ್ಕೆ ಜೋತುಬೀಳೋ 'ಸ್ಲಾತ್' ಬಳಗಕ್ಕೆ ಸೇರಿಸಿಬಿಟ್ಟ. ತಪ್ಪು ಗೊತ್ತಾದ ಮೇಲೂ 'ಸ್ಲಾತ್ ಬೇರ್' ಅಂತಲೇ ಉಳೀತು. ಅಂದ್ರೆ ಸೋಮಾರಿ ಕರಡಿ!

ಹಂಪಿ ಹತ್ತಿರದ ದರೋಜಿ ಕರಡಿಧಾಮಕ್ಕೆ (1994ರಲ್ಲಿ ಆಗಿದ್ದು) ಹೋದವರಿಗೆ ಗೊತ್ತಿರತ್ತೆ. ಬಿಸಿಲು ಇಳಿಯೋವರೆಗೂ ಬಂಡೆ ಸಂದಿಯಿಂದ ಒಂದೂ ಹೊರಗೆ ಬರಲ್ಲ. ಮೈತುಂಬ ಕಪ್ಪು ಕೂದಲು ಹೊತ್ತು ಆ ಬಿಸಿಲಲ್ಲಿ ಯಾರು ತಿರುಗ್ತಾರೆ ಹೇಳಿ? ಸಂಜೆ ಆಯ್ತೋ, ಶುರು ದುಡಿಮೆ. ಹುತ್ತ ಅಗೆಯೋದು, ಮಣ್ಣು ಊದೋದು, ಗೆದ್ದಲು ಹೀರೋದು. ಹೀರಲಿಕ್ಕೇ ಅಂತ ಮೇಲಿನ ಎರಡು ಮುಂಹಲ್ಲೂ ಇಲ್ಲ. ಒಂದೊಂದು ಗೆದ್ದಲಿಂದ ಎಷ್ಟು ಸಿಕ್ಕೀತು? ಖರ್ಚಿನಲ್ಲಿ ಹಿಡಿತ ಬೇಕೇ ಬೇಕು.

ಇದರ ದೂರದ ನೆಂಟ ಬಿಳಿ ಕರಡಿಯದು ಇನ್ನೂ ಕಷ್ಟದ ಸಂಸಾರ. ಮಂಜುಗಡ್ಡೆ ಇದ್ದಾಗ, ಸೀಲ್ ಉಸಿರಾಡೋ ತೂತಿನ ಪಕ್ಕ ಗಂಟೆಗಟ್ಟಲೆ ಅಲ್ಲಾಡದೆ ಕಾಯತ್ತೆ. ಅಟ್ಟಿಸಿಕೊಂಡು ಹೋದರೆ ಪೂರೈಸಲ್ಲ. ಬೇಸಿಗೆಯಲ್ಲಿ ಮಂಜು ಕರಗಿದರೆ ದಡದಲ್ಲಿ ಉಪವಾಸ. ಕೆನಡಾದ ಹಡ್ಸನ್ ಕೊಲ್ಲಿಯ ದಡದಲ್ಲಿ 20 ಕರಡಿಗಳ ಕೊರಳಿಗೆ ಕ್ಯಾಮೆರಾ ಕಟ್ಟಿ ಮೂರು ವಾರ ನೋಡಿದ ಅಧ್ಯಯನ 2024ರಲ್ಲಿ ಬಂತು. ಕೆಲವು ಸುಮ್ಮನೆ ಬಿದ್ದುಕೊಂಡಿದ್ದವು. ಕೆಲವು ಅಲೆದು ಹಣ್ಣು ತಿಂದವು, ಈಜಿದವು. ಕೊನೆಗೆ? 20ರಲ್ಲಿ 19 ಬಡವಾದವು, ದಿನಕ್ಕೆ ಸರಾಸರಿ ಸುಮಾರು 1 ಕೆ.ಜಿ.ಯಂತೆ. ದುಡಿದು ತಿಂದದ್ದು ದುಡಿಮೆಗೇ ಸರಿಹೋಯ್ತು. ಮಂಜಿಲ್ಲದ ದಿನ ಹೆಚ್ಚಾದಷ್ಟೂ ಈ ಲೆಕ್ಕ ತಪ್ಪುತ್ತಾ ಹೋಗತ್ತೆ. ಓದಿ ಆವತ್ತು ನನಗೆ ಊಟ ಸೇರಲಿಲ್ಲ.

ಇಷ್ಟೆಲ್ಲಾ ಯಾಕೆ ನೆನಪಾಯ್ತು ಅಂದ್ರೆ, ಮೊನ್ನೆ ಮಧ್ಯಾಹ್ನ ಅಣ್ಣನ ಮಗಳ ಜೊತೆ ನಮ್ಮ ಮೈಸೂರು ಝೂಗೆ ಹೋಗಿದ್ದೆ. ಕರಡಿ ಮಲಗಿತ್ತು. ಜನ ಶಿಳ್ಳೆ, ಚಪ್ಪಾಳೆ. "ದುಡ್ಡು ಕೊಟ್ಟು ಬಂದಿದ್ದು ಇದರ ನಿದ್ದೆ ನೋಡಕ್ಕಾ?" ಅಂತ ಒಬ್ಬರು ಕಡಲೆಕಾಯಿ ಬೇರೆ ಎಸೆದರು. ಪೆನ್ಷನರ್‌ಗಳ ಊರು ನಮ್ಮದು, ಉಂಡ ಮೇಲೆ ಒಂದು ಗಂಟೆ ಉರುಳಿಕೊಳ್ಳದಿದ್ದರೆ ಸಂಜೆ ಕಾಫಿ ರುಚಿಸದ ಜನ ನಾವು!

"ಚಿಕ್ಕಪ್ಪಾ, ಅದಕ್ಕೆ ಹುಷಾರಿಲ್ವಾ?" ಅಂದಳು ಪುಟ್ಟಿ.

"ನೈಟ್ ಡ್ಯೂಟಿದು ಕಣೇ" ಅಂದೆ. ಝೂ ಕರಡಿಗೆ ಹೊತ್ತಿಗೆ ಸರಿಯಾಗಿ ಊಟ ಬರತ್ತೆ, ನಿಜ. ಆದರೆ ಹಗಲು ಮಲಗೋ ಅಭ್ಯಾಸ ಹುಟ್ಟಿನಿಂದ ಬಂದದ್ದು, ಊಟ ಕೊಟ್ಟ ಮಾತ್ರಕ್ಕೆ ಹೋಗಲ್ಲ. ಅದು ಓಡಾಡೋದು ನೋಡಬೇಕಾ? ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಹೋಗಿ. ಮಂಗಳವಾರ ಮಾತ್ರ ಬೇಡ, ರಜೆ.