ಓಡೋದು ಆಮೇಲೆ, ಮೊದಲು ನಿಲ್ಲಬೇಕು

ನಮ್ಮ ತುಮಕೂರು ಕಡೆ ಹಳೇ ಜೀಪ್ ಪಿಕಪ್ ಇಟ್ಟುಕೊಂಡವರು ಇನ್ನೂ ಇದ್ದಾರೆ. ಮಾತು ಶುರುವಾದರೆ ಎಷ್ಟು ಲೋಡ್ ಎಳೆಯುತ್ತೆ, ಎಷ್ಟು ಮೈಲೇಜ್ ಕೊಡುತ್ತೆ ಅನ್ನೋದೇ. ಬ್ರೇಕ್ ಒತ್ತಿದರೆ ಎಷ್ಟು ದೂರದಲ್ಲಿ ನಿಲ್ಲುತ್ತೆ ಅಂತ ಕೇಳುವವರು ಕಡಿಮೆ.

ನಮ್ಮ ಮನೆಯಲ್ಲೂ ಅಪ್ಪನ ಕಾಲದ ಪೆಟ್ರೋಲ್ ಪಿಕಪ್ ಇದೆ. ಅಂತರಸನಹಳ್ಳಿ ಮಾರ್ಕೆಟ್‌ಗೆ ತರಕಾರಿ ಹಾಕೋದು, ತೆಂಗಿನಕಾಯಿ ಸಾಗಿಸೋದು, ವರ್ಷಕ್ಕೊಮ್ಮೆ ಮನೆಮಂದಿಯೆಲ್ಲ ದೇವರಾಯನದುರ್ಗಕ್ಕೆ ಹೋಗೋದು, ಎಲ್ಲ ಅದರಲ್ಲೇ. ಕಾಯಿ ಮಾರಿದ ದುಡ್ಡಿನಲ್ಲಿ ಡೀಸೆಲ್ ಎಂಜಿನ್ ಕೂರಿಸಬೇಕು ಅಂತ ಅಣ್ಣನ ಆಸೆ. ಸತ್ಯಮಂಗಲದ ಗ್ಯಾರೇಜಿಗೆ ಒಯ್ದೆವು. ಅಲ್ಲಿನ ಭಾಯಿ ಬಾನೆಟ್ ಎತ್ತಲಿಲ್ಲ, ಚಕ್ರ ಬಿಚ್ಚಿದರು.

"ನೋಡಣ್ಣ, ನಾಲ್ಕೂ ಚಕ್ರಕ್ಕೆ ಒಂದೇ ಲೈನು. ಎಲ್ಲಿ ಪೈಪ್ ಒಡೆದರೂ ನಾಲ್ಕೂ ಹೋಯ್ತು. ಎಂಜಿನ್ ಆಮೇಲೆ ನೋಡೋಣ" ಅಂದರು.

ಹಳೇ ಮಾಸ್ಟರ್ ಸಿಲಿಂಡರ್‌ನಲ್ಲಿ ಒಂದೇ ಕೋಣೆ. ಈಗಿನದರಲ್ಲಿ ಎರಡು. ಮುಂದಿನ ಲೈನ್ ಕೈಕೊಟ್ಟರೂ ಹಿಂದಿನದು ಸ್ವಲ್ಪವಾದರೂ ಹಿಡಿಯುತ್ತದೆ. ಅದನ್ನೇ ಹಾಕಿಸಿದೆವು. ಮುಂದಿನ ಚಕ್ರಕ್ಕೆ ಡ್ರಮ್ ತೆಗೆದು ಡಿಸ್ಕ್, ಜೊತೆಗೆ ಪೆಡಲ್ ಹಗುರವಾಗಲು ಬೂಸ್ಟರ್. ಪೈಪ್, ಹೋಸ್ ಎಲ್ಲ ಹೊಸದು.

ಬ್ರೇಕ್ ಆಯಿಲ್ ಕಪ್ಪಗಾಗಿತ್ತು. ಈ ಆಯಿಲ್ ಗಾಳಿಯಲ್ಲಿನ ನೀರಿನಂಶ ಹೀರುತ್ತದೆ. ಡಾಟ್ 3 ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಅನ್ನೋದು ನಿಯಮ. ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಘಾಟಿ ಇಳಿಯುವಾಗ ಬ್ರೇಕ್ ಕಾದು ಆಯಿಲ್ ಕುದಿದರೆ ಪೈಪಿನಲ್ಲಿ ಗುಳ್ಳೆ ಬರುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ, ಏರ್ ತೆಗೆಸಿ. ಎಂಜಿನ್ ಆಯಿಲ್ ಮಾತ್ರ ಅದರೊಳಗೆ ಹಾಕಬೇಡಿ, ರಬ್ಬರ್ ಊದಿಕೊಂಡು ಹಾಳಾಗುತ್ತದೆ.

ಇನ್ನೊಂದು ಮಾತು. ಬೂಸ್ಟರ್ ಕೆಲಸ ಮಾಡೋದು ಪೆಟ್ರೋಲ್ ಎಂಜಿನ್ ಗಾಳಿ ಎಳೆಯುವ ಬಲದಿಂದ. ಪೆಟ್ರೋಲ್ ಉಳಿಸೋಕೆ ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡಿ ಬಿಡುವ ಅಭ್ಯಾಸ ನಮ್ಮಲ್ಲಿದೆ. ಹಾಗೆ ಮಾಡಿದರೆ ಒಂದೆರಡು ಸಲ ಒತ್ತುವಷ್ಟರಲ್ಲಿ ಪೆಡಲ್ ಕಲ್ಲಾಗುತ್ತದೆ. ಸಣ್ಣ ಗೇರ್‌ನಲ್ಲೇ ಇಳಿಸಿ. ಡೀಸೆಲ್ ಎಂಜಿನ್ ಆದರೆ ಬೂಸ್ಟರ್‌ಗೆ ಬೇರೆ ವ್ಯಾಕ್ಯೂಮ್ ಪಂಪ್ ಬೇಕು. ಎಂಜಿನ್ ಬದಲಾಯಿಸಲು ಆರ್‌ಟಿಒ ಅನುಮತಿ ಬೇಕು, ಆರ್‌ಸಿಯಲ್ಲೂ ನಮೂದಾಗಬೇಕು. ಇಷ್ಟೆಲ್ಲ ಕೇಳಿ ಅಣ್ಣನೇ "ಪೆಟ್ರೋಲೇ ಇರಲಿ ಬಿಡು" ಅಂದ.

ಉಳಿದ ದುಡ್ಡು ಪೆಟ್ರೋಲ್ ಲೈನಿಗೆ ಹೋಯಿತು. ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲ್ ಮಾರಾಟ ಶುರುವಾದದ್ದು 2023ರ ಫೆಬ್ರವರಿಯಲ್ಲಿ, ಬೆಂಗಳೂರಿನ ಕಾರ್ಯಕ್ರಮದಲ್ಲಿ. ಈಗ ಹಳ್ಳಿ ಬಂಕಲ್ಲೂ ಅದೇ. ಎಥೆನಾಲ್ ನೀರು ಹೀರುತ್ತದೆ, ಹಳೇ ರಬ್ಬರನ್ನು ತಿನ್ನುತ್ತದೆ, ಟ್ಯಾಂಕಿನ ತುಕ್ಕು, ಕೊಳೆಯನ್ನು ಸಡಿಲಿಸಿ ಕಾರ್ಬ್ಯುರೇಟರ್‌ಗೆ ತರುತ್ತದೆ. ಟ್ಯಾಂಕ್ ಇಳಿಸಿ ತೊಳೆಸಿದೆವು. ಎಥೆನಾಲ್ ತಡೆಯುವ ಹೋಸ್, ಪೆಟ್ರೋಲ್ ಪಂಪಿಗೆ ಹೊಸ ಡಯಾಫ್ರಮ್, ಒಳಗಿನ ಕಸ ಕಾಣುವ ಫಿಲ್ಟರ್ ಹಾಕಿಸಿದೆವು. ಹೋಸ್ ಬಿರುಕು ಬಿಟ್ಟು ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಬೆಂಕಿಗೆ ಅಷ್ಟೇ ಸಾಕು.

ಕೆಲಸ ಮುಗಿದ ಮೇಲೂ ಗಾಡಿ ಮೊದಲಿನಷ್ಟೇ ನಿಧಾನ. "ಇಷ್ಟು ಖರ್ಚು ಮಾಡಿ ಏನು ಬಂತು?" ಅಂತ ಊರವರು ಅಣ್ಣನನ್ನು ಕೇಳುತ್ತಾರೆ. ದುರ್ಗದಿಂದ ಇಳಿಯುವಾಗ ಅಮ್ಮ ಈಗ ಮುಂದಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದು ಕೂರುವುದಿಲ್ಲ, ಮೊಮ್ಮಕ್ಕಳ ಜೊತೆ ಮಾತಾಡುತ್ತಾ ಬರುತ್ತಾರೆ. ಬಂದದ್ದು ಅದು.

ನಿಮ್ಮ ಗಾಡಿ ಹಳೆಯದಾದರೆ ಒಂದು ಕೆಲಸ ಮಾಡಿ. ನಾಳೆ ಬೆಳಿಗ್ಗೆ ಹೊರಡುವ ಮುಂಚೆ ಎಂಜಿನ್ ಸ್ಟಾರ್ಟ್ ಮಾಡಿ, ಬ್ರೇಕ್ ಪೆಡಲ್ ಒತ್ತಿ ಹಾಗೇ ಹಿಡಿದುಕೊಳ್ಳಿ. ಅದು ಮೆಲ್ಲಗೆ ಕೆಳಗೆ ಜಾರುತ್ತಾ ಹೋದರೆ ಲೋಡ್ ಹಾಕಬೇಡಿ, ಮೆಕ್ಯಾನಿಕ್‌ನ ಮನೆಗೇ ಕರೆಸಿ.