ತಕ್ಕಡಿಯ ಮುಳ್ಳು

ಯಶವಂತಪುರದ ಕೃಷಿ ಮಾರುಕಟ್ಟೆಯಲ್ಲಿ ಜೀವಮಾನವೆಲ್ಲ ಬೇಳೆಕಾಳಿನ ವ್ಯಾಪಾರ ಮಾಡಿದವರಿಗೆ ತೂಕವೆಂಬುದು ಹೊಸ ವಿಷಯವಲ್ಲ. ಮೂಟೆಯನ್ನು ಕಂಡೊಡನೆಯೇ ಅದರ ತೂಕವನ್ನು ಕಣ್ಣಳತೆಯಿಂದ ಹೇಳಬಲ್ಲ ವರ್ತಕರು ಅಲ್ಲಿ ಈಗಲೂ ಇದ್ದಾರೆ. ಆದರೆ ಸ್ವಂತ ಶರೀರದ ತೂಕದ ಪ್ರಶ್ನೆ ಬಂದಾಗ ಅವರ ಲೆಕ್ಕ ತಪ್ಪುತ್ತದೆ. ಮೂಟೆಯಿಂದ ಒಂದು ಕಿಲೋ ತೆಗೆದರೆ ಒಂದು ಕಿಲೋ ಕಡಿಮೆಯಾಗುತ್ತದೆ. ನಾಳೆ ಮತ್ತೊಂದು ಕಿಲೋ ತೆಗೆದರೂ ಅದೇ ಲೆಕ್ಕ. ಜೀವವುಳ್ಳ ಶರೀರ ಹಾಗಲ್ಲ. ತನ್ನಿಂದ ಹೋದದ್ದನ್ನು ಅದು ಗಮನಿಸುತ್ತದೆ, ಮರಳಿ ಪಡೆಯಲು ಉಪಾಯ ಹುಡುಕುತ್ತದೆ.

ಅಂಥ ವರ್ತಕರಲ್ಲೊಬ್ಬರು ಆರ್.ಟಿ. ನಗರದ ನಿವಾಸಿ. ವಯಸ್ಸು ಐವತ್ತನಾಲ್ಕು, ಐದೂವರೆ ಅಡಿ ಎತ್ತರ, ತೂಕ ೯೨ ಕಿಲೋ. ಮಧುಮೇಹ ಕಾಣಿಸಿಕೊಂಡು ಆರು ವರ್ಷವಾಗಿತ್ತು; ದಿನಕ್ಕೆ ಎರಡು ಬಗೆಯ ಮಾತ್ರೆ ನುಂಗುತ್ತಿದ್ದರು. ಅವರ ಮನೆಯಲ್ಲಿ ರಾತ್ರಿಭೋಜನವಿಲ್ಲ, ಕಂದಮೂಲವಿಲ್ಲ. "ಇಷ್ಟೆಲ್ಲ ನಿಯಮವಿದ್ದೂ ನನಗೇಕೆ ಈ ಬೊಜ್ಜು?" ಎಂಬುದು ಅವರ ಹಳೆಯ ಪ್ರಶ್ನೆ. ಜೈನ ಮನೆಗಳಲ್ಲಿ ಈ ಪ್ರಶ್ನೆ ಅಪರೂಪವೇನಲ್ಲ. ಉತ್ತರವೂ ಕಷ್ಟದ್ದಲ್ಲ. ಏನನ್ನು ತಿನ್ನಬಾರದು, ಯಾವಾಗ ತಿನ್ನಬಾರದು ಎಂಬುದನ್ನು ಮನೆಯ ಎಲ್ಲರೂ ಬಲ್ಲರು. ಎಷ್ಟು ತಿನ್ನಬೇಕೆಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. ಸೂರ್ಯಾಸ್ತಕ್ಕೆ ಮುನ್ನ ಅವಸರದಲ್ಲಿ ಉಂಡ ನಾಲ್ಕು ಹೋಳಿಗೆಗಳು ಹಗಲಿನಲ್ಲಿ ಉಂಡವೆಂಬ ಕಾರಣಕ್ಕೆ ಹಗುರವಾಗುವುದಿಲ್ಲ. ಒಂದು ದೊಡ್ಡ ಚಮಚ ತುಪ್ಪದಲ್ಲಿ ಸುಮಾರು ೧೨೦ ಕ್ಯಾಲೊರಿ ಇರುತ್ತದೆ. ಹೋಳಿಗೆಯ ಮೇಲೆ ಅದನ್ನು ಅಳೆದು ಹಾಕುವ ಗೃಹಿಣಿ ಯಾವ ಊರಿನಲ್ಲೂ ಇರಲಾರಳು.

ವೈದ್ಯರ ಕಟ್ಟುನಿಟ್ಟಿನ ಮಾತಿನಿಂದ ಅವರು ಎಚ್ಚೆತ್ತರು. ಸಿಹಿ ಬಿಟ್ಟರು, ಅನ್ನವನ್ನು ಅರ್ಧಕ್ಕಿಳಿಸಿದರು, ಬೆಳಿಗ್ಗೆ ಹೆಬ್ಬಾಳದ ಕೆರೆಯ ಕಡೆಗೆ ಒಂದು ಗಂಟೆ ನಡೆಯತೊಡಗಿದರು. ಏಳು ತಿಂಗಳಿನಲ್ಲಿ ೧೪ ಕಿಲೋ ಇಳಿಯಿತು. ಮಾರುಕಟ್ಟೆಯಲ್ಲಿ, ಬಸದಿಯಲ್ಲಿ, ಮದುವೆಯ ಮನೆಗಳಲ್ಲಿ ಕಂಡವರೆಲ್ಲ ಹೊಗಳಿದರು. ಎಂಟನೆಯ ತಿಂಗಳಲ್ಲಿ ಮುಳ್ಳು ೭೮ರ ಬಳಿ ನಿಂತಿತು. ಒಂಬತ್ತು, ಹತ್ತು, ಹನ್ನೊಂದು ತಿಂಗಳಾದರೂ ಅದೇ ಊಟ, ಅದೇ ನಡಿಗೆ, ಅದೇ ೭೮. ಹೊಗಳುವವರೂ ಅಷ್ಟರಲ್ಲಿ ಹೊಸ ದೇಹಕ್ಕೆ ಒಗ್ಗಿಕೊಂಡು ಸುಮ್ಮನಾಗಿದ್ದರು. ಮೊದಲು ಬೆಳಗಿನ ನಡಿಗೆ ತಪ್ಪಿತು, ಆಮೇಲೆ ಸಿಹಿ ಮರಳಿತು. "ಮಾಡಿದ್ದೆಲ್ಲ ವ್ಯರ್ಥ" ಎಂಬ ಮಾತು ಅವರ ಬಾಯಲ್ಲಿ ದಿನವೂ ಬರತೊಡಗಿತು. ಅವರ ಪತ್ನಿಗೆ ಅತಿ ಹೆಚ್ಚು ಭಯ ಹುಟ್ಟಿಸಿದ್ದು ಆ ಮಾತೇ. ಏಕೆಂದರೆ ಅದರ ಹಿಂದೆಯೇ, ಮಾತ್ರೆಗಳೂ ವ್ಯರ್ಥ ಎಂಬ ಇನ್ನೊಂದು ಮಾತು ಬಂದಿತ್ತು.

ತೂಕ ಇಳಿಸಿದವರಲ್ಲಿ ಬಹುತೇಕರು ಈ ಹಂತವನ್ನು ಕಾಣುತ್ತಾರೆ. ಮೊದಲ ವಾರಗಳಲ್ಲಿ ಇಳಿಯುವುದು ಕೇವಲ ಕೊಬ್ಬಲ್ಲ. ಯಕೃತ್ತು ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್ ಕರಗುವಾಗ ಅದರೊಡನೆ ನೀರೂ ಹೋಗುತ್ತದೆ. ಮುಳ್ಳು ಬೇಗ ಇಳಿಯುತ್ತದೆ. ಬಳಿಕ ಉಳಿಯುವುದು ನಿಧಾನದ ಕೆಲಸ. ಮೇಲಾಗಿ ೯೨ ಕಿಲೋದ ದೇಹವನ್ನು ಹೊತ್ತು ನಡೆಯಲು ಬೇಕಾಗಿದ್ದ ಶಕ್ತಿ ೭೮ ಕಿಲೋದ ದೇಹಕ್ಕೆ ಬೇಕಿಲ್ಲ. ಅಮೆರಿಕದ ಕೆವಿನ್ ಹಾಲ್ ಮತ್ತು ಅವರ ಸಹೋದ್ಯೋಗಿಗಳು ೨೦೧೬ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಇಳಿದ ಪ್ರತಿ ಕಿಲೋಗೆ ದೇಹದ ದಿನದ ಖರ್ಚು ೨೦ರಿಂದ ೩೦ ಕ್ಯಾಲೊರಿಯಷ್ಟು ತಗ್ಗುತ್ತದೆ. ಹಸಿವಾದರೋ ಪ್ರತಿ ಕಿಲೋಗೆ ೧೦೦ ಕ್ಯಾಲೊರಿಯಷ್ಟು ಹೆಚ್ಚುತ್ತದೆ. ವರ್ತಕರಿಗೆ ಇದು ಅರ್ಥವಾಗದ ಭಾಷೆಯಲ್ಲ. ಖರ್ಚು ಕಡಿಮೆಯಾದ ಅಂಗಡಿಯಲ್ಲಿ ಹಳೆಯ ಆದಾಯವೇ ಉಳಿದರೆ ಗಲ್ಲಾಪೆಟ್ಟಿಗೆ ಬರಿದಾಗುವುದು ನಿಲ್ಲುತ್ತದೆ.

ಈ ಸಂಗತಿಯನ್ನು ಲೋಕಕ್ಕೆ ಮೊದಲು ವಿವರವಾಗಿ ತೋರಿಸಿದವರ ಕಥೆ ಅಹಿಂಸೆಯನ್ನು ನಂಬಿದವರು ಅರಿತಿರಬೇಕಾದುದು. ಎರಡನೆಯ ಮಹಾಯುದ್ಧದಲ್ಲಿ ಶಸ್ತ್ರ ಹಿಡಿದು ಕೊಲ್ಲಲು ತಮ್ಮ ಮನಸ್ಸಾಕ್ಷಿ ಒಪ್ಪದೆಂದು ಹೇಳಿದ ಅಮೆರಿಕದ ತರುಣರಲ್ಲಿ ೩೬ ಮಂದಿ, ಯುದ್ಧದಿಂದ ಹಸಿದ ಯೂರೋಪಿನ ಜನರಿಗೆ ಮರಳಿ ಅನ್ನವಿಡುವ ಬಗೆಯನ್ನು ತಿಳಿಯಲೆಂದು ತಮ್ಮ ದೇಹಗಳನ್ನು ಪ್ರಯೋಗಕ್ಕೆ ಒಡ್ಡಿಕೊಂಡರು. ೧೯೪೪ರಲ್ಲಿ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿಯ ಮೇಲ್ವಿಚಾರಣೆಯಲ್ಲಿ ಪ್ರಯೋಗ ಆರಂಭವಾಯಿತು. ಇಪ್ಪತ್ತನಾಲ್ಕು ವಾರ ಅವರು ಅರೆಹೊಟ್ಟೆಯಲ್ಲಿ ಬಾಳಿದರು. ತೂಕದಲ್ಲಿ ಸುಮಾರು ಕಾಲು ಭಾಗ ಕಳೆದುಕೊಂಡರು. ದೇಹ ತನ್ನ ಖರ್ಚನ್ನು ಬಿಗಿ ಹಿಡಿದಂತೆ ಇಳಿಕೆ ನಿಧಾನವಾಗುತ್ತ ಬಂತು. ಅವರಿಗೆ ಸದಾ ಚಳಿ, ಸದಾ ಆಯಾಸ. ಯಾವ ಕೆಲಸದಲ್ಲೂ ಆಸಕ್ತಿಯಿಲ್ಲ. ಅಡುಗೆಯ ಪುಸ್ತಕಗಳನ್ನು ಓದುತ್ತ ಕೂರುವವರಾದರು. ಪ್ರಯೋಗ ಮುಗಿದು ಬೇಕಾದಷ್ಟು ಉಣ್ಣಲು ಬಿಟ್ಟಾಗ ಹೊಟ್ಟೆ ತುಂಬಿದರೂ ಹಸಿವು ತೀರದೆ ಕೆಲವರು ಮಿತಿಮೀರಿ ಉಂಡರು. ೧೯೫೦ರಲ್ಲಿ ಎರಡು ದೊಡ್ಡ ಸಂಪುಟಗಳಲ್ಲಿ ಇದೆಲ್ಲ ಪ್ರಕಟವಾಯಿತು. ಯುದ್ಧವನ್ನೇ ನಿರಾಕರಿಸುವಷ್ಟು ದೃಢಮನಸ್ಸಿನ ಆ ತರುಣರನ್ನು ದುರ್ಬಲಚಿತ್ತರೆಂದು ಕರೆಯಲು ಯಾರಿಗೆ ನಾಲಗೆ ಬಂದೀತು? ಉತ್ಸಾಹ ಕುಗ್ಗಿದ ಗೃಹಸ್ಥನನ್ನು ಸೋಮಾರಿಯೆಂದು ಜರೆಯುವ ಮೊದಲು ಬಂಧುಗಳು ಇದನ್ನೊಮ್ಮೆ ನೆನೆಯುವುದು ಒಳ್ಳೆಯದು. ಆ ಹಸಿವು ಬೇಗನೆ ಅಡಗುವುದೂ ಇಲ್ಲ. ಮೆಲ್ಬರ್ನಿನ ಸಂಶೋಧಕರು ೨೦೧೧ರಲ್ಲಿ ವರದಿ ಮಾಡಿದಂತೆ, ತೂಕ ಇಳಿಸಿ ಒಂದು ವರ್ಷ ಕಳೆದ ಮೇಲೂ ಹಸಿವನ್ನು ಕೆರಳಿಸುವ ರಸದೂತಗಳು ಮೊದಲಿನ ಮಟ್ಟಕ್ಕೆ ಮರಳಿರಲಿಲ್ಲ.

ಹಾಗಾದರೆ ಮುಳ್ಳು ನಿಂತ ಮೇಲೆ ನಡೆದ ನಡಿಗೆಯೆಲ್ಲ ವ್ಯರ್ಥವೇ? ಇದಕ್ಕೆ ಉತ್ತರ ದೂರದ ದೇಶದಿಂದ ಬರಬೇಕಾಗಿಲ್ಲ, ನೆರೆಯ ಚೆನ್ನೈಯಲ್ಲಿಯೇ ಇದೆ. ಮಧುಮೇಹದ ಹೊಸ್ತಿಲಲ್ಲಿದ್ದ ೫೩೧ ಮಂದಿಯನ್ನು ಡಾ. ಎ. ರಾಮಚಂದ್ರನ್ ಮತ್ತು ಅವರ ತಂಡದವರು ನಾಲ್ಕು ಗುಂಪುಗಳಾಗಿ ಮಾಡಿ ಮೂರು ವರ್ಷ ಗಮನಿಸಿದರು. ೨೦೦೬ರಲ್ಲಿ ಫಲಿತಾಂಶ ಹೊರಬಂತು. ವಿಶೇಷವಾದ ಯಾವ ಸಲಹೆಯೂ ಇಲ್ಲದವರಲ್ಲಿ ನೂರಕ್ಕೆ ೫೫ ಮಂದಿಗೆ ಮಧುಮೇಹ ಬಂದಿತು. ನಡಿಗೆಯನ್ನು ಹೆಚ್ಚಿಸಿ ಆಹಾರವನ್ನು ತಿದ್ದಿಕೊಂಡವರಲ್ಲಿ ಅದು ಬಂದದ್ದು ನೂರಕ್ಕೆ ಸುಮಾರು ೩೯ ಮಂದಿಗೆ. ಸೋಜಿಗವೆಂದರೆ, ಈ ಎರಡನೆಯ ಗುಂಪಿನವರ ತೂಕ ಹೇಳಿಕೊಳ್ಳುವಷ್ಟು ಇಳಿದೇ ಇರಲಿಲ್ಲ. ಮುಳ್ಳು ನಿಂತಲ್ಲೇ ನಿಂತಿತ್ತು, ರೋಗ ಮಾತ್ರ ಹಿಂದೆ ಸರಿದಿತ್ತು. ಅಮೆರಿಕದಲ್ಲಿ ೨೦೦೨ರಲ್ಲಿ ಪ್ರಕಟವಾದ ಇಂಥದೇ ದೊಡ್ಡ ಅಧ್ಯಯನದಲ್ಲಿ ಜನರು ತೂಕವನ್ನು ಇಳಿಸಿದ್ದರು, ಆಮೇಲಿನ ವರ್ಷಗಳಲ್ಲಿ ಬಹುಪಾಲನ್ನು ಮರಳಿ ಗಳಿಸಿಯೂ ಇದ್ದರು. ಆದರೂ ಹತ್ತು ವರ್ಷದ ಲೆಕ್ಕ ತೆಗೆದಾಗ ಅವರಲ್ಲಿ ಮಧುಮೇಹ ಮೂರನೆಯ ಒಂದು ಭಾಗದಷ್ಟು ಕಡಿಮೆಯೇ ಇತ್ತು.

ಆರ್.ಟಿ. ನಗರದ ಗೃಹಸ್ಥರಿಗೆ ಇದೊಂದೂ ತಿಳಿದಿರಲಿಲ್ಲ. ಅವರು ಹೂಡಿದ ಉಪಾಯ ಬೇರೆ. ಪರ್ಯುಷಣ ಪರ್ವ ಹತ್ತಿರ ಬಂದಿತ್ತು. ಎಂಟು ದಿನ ಕೇವಲ ನೀರಿನ ಮೇಲೆ ಉಪವಾಸವಿದ್ದರೆ ನಿಂತ ಮುಳ್ಳು ಅಲುಗದೆ ಇರದು ಎಂದುಕೊಂಡರು. ಧರ್ಮವೂ ಆಯಿತು, ದೇಹವೂ ಇಳಿಯಿತು ಎಂಬ ಹಿಗ್ಗು ಬೇರೆ. ಸ್ವಾಧ್ಯಾಯದಲ್ಲಿ ಜೊತೆಗಿದ್ದ ಹಿರಿಯರೊಬ್ಬರು ಕೇಳಿದ್ದು ಒಂದೇ ಪ್ರಶ್ನೆ: "ಉಪವಾಸ ಯಾವುದಕ್ಕಪ್ಪಾ, ನಿರ್ಜರೆಗೋ, ತಕ್ಕಡಿಗೋ?"

ಪ್ರಶ್ನೆ ಸರಳವಾಗಿ ಕಂಡರೂ ಅದರ ಬೇರು ಆಳವಾದುದು. ವ್ರತಿಗೆ ಶಲ್ಯವಿರಲಾಗದೆಂಬ ವಿಚಾರ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಬರುತ್ತದೆ. ಶಲ್ಯವೆಂದರೆ ಒಳಗೆ ಮುರಿದು ಉಳಿದ ಮುಳ್ಳು. ವ್ಯಾಖ್ಯಾನಕಾರರು ಅದನ್ನು ಮಾಯೆ, ಮಿಥ್ಯಾತ್ವ, ನಿದಾನ ಎಂದು ಮೂರಾಗಿ ಎಣಿಸುತ್ತಾರೆ. ತಪಸ್ಸಿಗೆ ಪ್ರತಿಯಾಗಿ ಲೌಕಿಕ ಫಲವನ್ನು ಬಯಸುವುದೇ ನಿದಾನ. ಆರೋಗ್ಯಕ್ಕಾಗಿ ಮಿತವಾಗಿ ಉಣ್ಣುವುದು ಯಾವ ದೋಷವೂ ಅಲ್ಲ. ಗೃಹಸ್ಥನು ಅದನ್ನು ಪಥ್ಯವೆಂದೇ ಕರೆದು ಮಾಡಲಿ. ಆದರೆ ಪಥ್ಯಕ್ಕೆ ವ್ರತದ ಹೆಸರಿಟ್ಟು, ಪಾರಣೆಯ ದಿನ ಬೆಳಿಗ್ಗೆ ತೂಗಿ ನೋಡಿ ನಿರಾಶನಾದರೆ, ವ್ರತವೂ ಕೆಟ್ಟಿತು, ಪಥ್ಯವೂ ಕೆಟ್ಟಿತು. ಅಲ್ಲದೆ ಎಂಟು ದಿನದಲ್ಲಿ ಇಳಿಯುವುದರಲ್ಲಿ ಬಹುಪಾಲು ನೀರು. ಪಾರಣೆಯ ಬಳಿಕ ಅದು ಮರಳಿ ಬರುವುದು ಖಚಿತ.

ಅದೇ ಶಾಸ್ತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಆರು ಬಾಹ್ಯತಪಗಳನ್ನು ಹೇಳುವಾಗ ಅನಶನದ ಪಕ್ಕದಲ್ಲಿಯೇ ಅವಮೌದರ್ಯವಿದೆ: ಹೊಟ್ಟೆಯಲ್ಲಿ ಸ್ವಲ್ಪ ತೆರವಿರುವಂತೆ ಉಣ್ಣುವುದು. ಪುರುಷನ ಪೂರ್ಣಾಹಾರ ಮೂವತ್ತೆರಡು ತುತ್ತು, ಸ್ತ್ರೀಯದು ಇಪ್ಪತ್ತೆಂಟು ಎಂದು ಲೆಕ್ಕ ಹಾಕಿ, ಅದರಲ್ಲಿ ಒಂದು ತುತ್ತು ಕಡಿಮೆ ಉಂಡರೂ ಅವಮೌದರ್ಯವೇ ಎಂದು ಪೂರ್ವಾಚಾರ್ಯರು ಎಣಿಸಿದರು. ಉಪವಾಸಕ್ಕೆ ಮೆರವಣಿಗೆಯುಂಟು, ಸನ್ಮಾನವುಂಟು, ಫಲಕದಲ್ಲಿ ಹೆಸರುಂಟು. ಮೂವತ್ತೊಂದನೆಯ ತುತ್ತಿಗೆ ಕೈ ತೊಳೆದು ಎದ್ದವನನ್ನು ಯಾರೂ ಕಾಣುವುದಿಲ್ಲ. ತೂಕ ನಿಂತವನಿಗೆ ಒದಗುವ ತಪ ಇದೇ ಎನ್ನಬಹುದು. ಇಲ್ಲಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ, ನೋಡುವವರಂತೂ ಮೊದಲೇ ಇಲ್ಲ.

ಗೃಹಸ್ಥರು ಆ ವರ್ಷ ಎಂಟು ದಿನದ ಉಪವಾಸವನ್ನು ಕೈಬಿಟ್ಟರು. ಅದರ ಶ್ರೇಯಸ್ಸು ಆ ಹಿರಿಯರಷ್ಟೇ ವೈದ್ಯರಿಗೂ ಸಲ್ಲಬೇಕು. ಅವರು ನುಂಗುತ್ತಿದ್ದ ಮಾತ್ರೆಗಳಲ್ಲಿ ಗ್ಲಿಮೆಪಿರೈಡ್ ಒಂದು. ಅನ್ನವಿಲ್ಲದ ಹೊಟ್ಟೆಯಲ್ಲಿ ಅದು ರಕ್ತದ ಸಕ್ಕರೆಯನ್ನು ಪ್ರಾಣಾಪಾಯದ ಮಟ್ಟಕ್ಕೆ ಇಳಿಸಬಲ್ಲುದು. ಹಳೆಯ ಮತ್ತು ಹೊಸ ರಕ್ತಪರೀಕ್ಷೆಯ ಚೀಟಿಗಳನ್ನು ವೈದ್ಯರು ಅಕ್ಕಪಕ್ಕದಲ್ಲಿಟ್ಟು ತೋರಿಸಿದರು. ಮೂರು ತಿಂಗಳ ಸಕ್ಕರೆಯ ಸರಾಸರಿ ೮.೧ರಿಂದ ೬.೫ಕ್ಕೆ ಇಳಿದಿತ್ತು; ತೂಕ ನಿಂತ ನಾಲ್ಕು ತಿಂಗಳಲ್ಲೂ ಅದು ಏರಿರಲಿಲ್ಲ. ಆ ಗ್ಲಿಮೆಪಿರೈಡ್ ಮಾತ್ರೆಯನ್ನು ವೈದ್ಯರೇ ಅರ್ಧಕ್ಕಿಳಿಸಿದರು. ದಿನವೂ ತೂಗುವುದನ್ನು ನಿಲ್ಲಿಸಿ ವಾರಕ್ಕೊಮ್ಮೆ ತೂಗಿರಿ, ಸೊಂಟದ ಸುತ್ತಳತೆಯನ್ನೂ ಬರೆದಿಡಿ, ಸ್ನಾಯು ಕರಗದಂತೆ ಸ್ವಲ್ಪ ಭಾರ ಎತ್ತುವ ವ್ಯಾಯಾಮ ಮಾಡಿ, ಅನ್ನ ಕಡಿಮೆ ಮಾಡಿದಲ್ಲಿ ಬೇಳೆಯನ್ನು ಹೆಚ್ಚಿಸಿ ಎಂದರು. ಈಗ ಅವರ ತೂಕ ೭೭ ಮತ್ತು ೭೯ರ ನಡುವೆ ತೂಗಾಡುತ್ತಿದೆ. ಭಾರತೀಯರಿಗೆ ತಜ್ಞರು ೨೦೦೯ರಲ್ಲಿ ಗೊತ್ತುಮಾಡಿದ ಬಿ.ಎಂ.ಐ. ಮಿತಿಯಂತೆ ಅವರು ಇಂದಿಗೂ ಸ್ಥೂಲಕಾಯರೇ. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

೨೦೨೫ರಿಂದ ಭಾರತದಲ್ಲಿಯೂ ತೂಕ ಇಳಿಸುವ ಹೊಸ ಚುಚ್ಚುಮದ್ದುಗಳು ದೊರೆಯುತ್ತಿವೆ. ಅವು ಹಸಿವನ್ನೇ ತಗ್ಗಿಸುವುದರಿಂದ ಹಲವರಿಗೆ ದೊಡ್ಡ ಉಪಕಾರವಾಗಿದೆ. ಆದರೆ ಸೆಮಾಗ್ಲುಟೈಡನ್ನು ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದ ತೂಕದ ಮೂರನೆಯ ಎರಡು ಭಾಗ ಮರಳಿತೆಂದು ಒಂದು ಅಧ್ಯಯನದಲ್ಲಿ ಕಂಡುಬಂದಿದೆ. ಔಷಧದ ಬಲವಿದ್ದರೂ ಕಾಯ್ದುಕೊಳ್ಳುವ ಕೆಲಸ ತಪ್ಪುವುದಿಲ್ಲ.

ಬಸದಿಗಳ ಆಡಳಿತ ಮಂಡಳಿಯವರು ಮಾಡಬಹುದಾದ ಒಂದೆರಡು ಕೆಲಸಗಳಿವೆ. ಪರ್ವಕ್ಕೆ ಮುನ್ನ ಉಪವಾಸದ ಹೆಸರು ಬರೆಸಿಕೊಳ್ಳುವಾಗ, ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕಂಡು ಬಂದಿದ್ದಾರೆಯೇ ಎಂದು ವಿಚಾರಿಸುವುದು ಒಂದು. ಭೋಜನಶಾಲೆಯ ಬಡಿಸುವಿಕೆ ಇನ್ನೊಂದು. ಯಲಹಂಕದಿಂದ ಯಶವಂತಪುರದವರೆಗೆ ಯಾವ ಸಮಾರಂಭಕ್ಕೆ ಹೋದರೂ, ಎಲೆಯ ಮೇಲೆ ಕೈ ಅಡ್ಡ ಹಿಡಿದವನ ಬೆರಳ ಸಂದಿಯಿಂದಲೇ ಹೋಳಿಗೆ ಜಾರಿಸುವ ಚತುರರು ಇರುತ್ತಾರೆ. ಅದು ಪ್ರೀತಿಯೇ, ಸಂದೇಹವಿಲ್ಲ. ಆದರೆ ಎಲೆಯಲ್ಲಿ ಬಿಟ್ಟರೆ ಅನ್ನಕ್ಕೆ ಅಪಚಾರ, ತಿಂದರೆ ತನ್ನ ನಿಯಮಕ್ಕೆ ಅಪಚಾರ ಎಂಬ ಇಕ್ಕಟ್ಟಿಗೆ ಅತಿಥಿಯನ್ನು ನೂಕುವ ಪ್ರೀತಿ ಅದು. ಆರ್.ಟಿ. ನಗರದ ಆ ಮನೆಯೊಡತಿ ಕಳೆದ ವರ್ಷ ಮಗಳ ಮದುವೆಯಲ್ಲಿ ಬಡಿಸುವವರನ್ನೆಲ್ಲ ಮೊದಲೇ ಕರೆದು, ಕೈ ಅಡ್ಡ ಬಂದ ಎಲೆಗೆ ಬಡಿಸಕೂಡದೆಂದು ಹೇಳಿದ್ದರು. ಬೀಗರ ಕಡೆಯ ಒಬ್ಬಿಬ್ಬರು ಉಪಚಾರ ಸಾಲದೆಂದು ಗೊಣಗಿದರಂತೆ. ಎಂಜಲೆಲೆಗಳಲ್ಲಿ ಉಳಿದ ಹೋಳಿಗೆ ಮಾತ್ರ ಆ ದಿನ ಬಹಳ ಕಡಿಮೆಯಿತ್ತು.