ನಡುಬಾಗಿಲಿರುವ ಎರಡು ಕೋಣೆ

ಈ ಏಪ್ರಿಲ್‌ನಲ್ಲಿ ನಮ್ಮಲ್ಲೊಬ್ಬರಿಗೆ ದೆಹಲಿಯಿಂದ ಮುಂಬಯಿಗೆ ವರ್ಗವಾಯಿತು. ಮೂರು ವರ್ಷಗಳ ಮೇಲೆ ಸಂಸಾರ ಮತ್ತೆ ಒಂದೇ ಸೂರಿನಡಿ ಸೇರಿತು. ಆ ಮೊದಲ ವಾರದ ಒಂದು ರಾತ್ರಿ, ನಾಲ್ಕು ವರ್ಷದ ಮಗ ಅಜ್ಜಿಯ ಕಿವಿಯಲ್ಲಿ ಪಿಸುಗುಟ್ಟಿದ ಪ್ರಶ್ನೆ ನಮ್ಮಿಬ್ಬರಿಗೂ ಕೇಳಿಸಿತು: “ಅಪ್ಪ ಇವತ್ತೂ ಇಲ್ಲೇ ಮಲಗ್ತಾರಾ?”

ಅದಕ್ಕೆ ಅಜ್ಜಿ ಏನು ಹೇಳಿದರೋ ತಿಳಿಯದು. ನಾವಂತೂ ದೀಪ ಆರಿಸಿ ಬಹಳ ಹೊತ್ತು ಸುಮ್ಮನೆ ಮಲಗಿದ್ದೆವು. ಬಾಕಿಯಿದ್ದ ವೇತನ ನಿಗದಿಯ ಹಣ ಅದೇ ತಿಂಗಳು ಕೈಗೆ ಬಂದಿತ್ತು. ಮಕ್ಕಳೊಡನೆ ಎಲ್ಲಿಗಾದರೂ ಹೋಗಬೇಕು, ದೂರವಾಣಿ ಕರೆಯಿಂದ ತಪ್ಪಿಸಿಕೊಳ್ಳಬೇಕು, ಟ್ಯಾಕ್ಸಿ, ಹೋಟೆಲು, ಸಾಮಾನು ಕಟ್ಟುವುದು, ಬಿಚ್ಚುವುದು ಇವುಗಳಲ್ಲೇ ದಿನ ಕಳೆಯಬಾರದು ಎಂದು ನಿಶ್ಚಯಿಸಿದೆವು. ಹಾಗಾದರೆ ಉಳಿಯುವುದು ವಿಹಾರದ ಹಡಗೊಂದೇ. ಒಮ್ಮೆ ಪೆಟ್ಟಿಗೆ ಬಿಚ್ಚಿದರೆ ಮುಗಿಯಿತು. ಊರುಗಳೇ ನಮ್ಮ ಬಳಿಗೆ ಬರುತ್ತವೆ. ಹೋಗುವುದೇ ಆದರೆ ಚೆನ್ನಾದುದರಲ್ಲೇ ಹೋಗೋಣ ಎಂಬ ಹಟವೂ ಸೇರಿಕೊಂಡಿತು. ಮೂರು ವರ್ಷ ಇಲ್ಲದಿದ್ದುದನ್ನು ದುಡ್ಡಿನಿಂದ ತುಂಬಿಕೊಡುವ ಆಸೆ ಅದರ ಹಿಂದಿತ್ತೆಂಬುದನ್ನು ಈಗ ಒಪ್ಪಿಕೊಳ್ಳಬಹುದು.

ಸರ್ಕಾರಿ ನೌಕರರಾದ ಓದುಗರು ಕೇಳುವ ಮೊದಲೇ ಹೇಳಿಬಿಡುತ್ತೇವೆ: ರಜಾ ಪ್ರವಾಸ ರಿಯಾಯಿತಿ ಇದಕ್ಕೆ ಒದಗದು. ಅದು ಸ್ವಂತ ಊರಿಗೆ, ಇಲ್ಲವೆ ಭಾರತದೊಳಗಿನ ಸ್ಥಳಕ್ಕೆ ಮಾತ್ರ. ಸಿಂಗಪುರದಿಂದ ಹೊರಡುವ ಹಡಗೆಂದರೆ ಕೈಯಿಂದಲೇ ಖರ್ಚು; ಜೊತೆಗೆ ವಿದೇಶಕ್ಕೆ ಹೋಗಲು ಕಚೇರಿಯ ಅನುಮತಿಯ ಕಡತ ಬೇರೆ. ಮುಂಬಯಿಯಿಂದಲೇ ಗೋವಾ, ಲಕ್ಷದ್ವೀಪಗಳತ್ತ ಕಾರ್ಡೆಲಿಯಾ ಕಂಪನಿಯ ಹಡಗು 2021ರಿಂದ ಓಡಾಡುತ್ತಿದೆ. ಅದನ್ನೂ ಯೋಚಿಸಿದೆವು. ಆದರೆ ನಮ್ಮ ತಲೆಯಲ್ಲಿ ಆಗ ಕುಳಿತಿದ್ದುದು ‘ಅತ್ಯುತ್ತಮ’ ಎಂಬ ಪದ.

ನಾವಿಬ್ಬರೂ ಎಂ.ಎ.ಯಲ್ಲಿ ಇಂಗ್ಲಿಷ್ ಓದಿದವರು. ಕಡಲೆಂದರೆ ನಮಗೆ ಕೋಲ್‌ರಿಜ್‌ನ ಮುದಿ ನಾವಿಕ, ಕಾನ್ರಾಡ್‌ನ ಬಿರುಗಾಳಿ. ವಿಹಾರದ ಹಡಗಿನ ಬಗೆಗೆ ನಾವು ಓದಿದ್ದ ಒಂದೇ ಬರಹವೆಂದರೆ ಅಮೆರಿಕದ ಡೇವಿಡ್ ಫಾಸ್ಟರ್ ವಾಲೆಸ್ 1990ರ ದಶಕದಲ್ಲಿ ಬರೆದ ಸುದೀರ್ಘ ಪ್ರಬಂಧ. ಅತಿ ಉಪಚಾರದಲ್ಲಿ ಮನುಷ್ಯ ಹೇಗೆ ಖಿನ್ನನಾಗಬಲ್ಲನೆಂಬುದು ಅದರ ವಸ್ತು. ಆದರೆ ಆತ ಹೋದದ್ದು ಒಬ್ಬನೇ. ಮಕ್ಕಳಿದ್ದವನಿಗೆ ಖಿನ್ನನಾಗಲು ಬಿಡುವೆಲ್ಲಿ?

ಮೇ ತಿಂಗಳಿಡೀ, ಮಕ್ಕಳು ಮಲಗಿದ ಮೇಲೆ, ಹಡಗುಗಳ ವಿವರ ಓದುವುದೇ ನಮ್ಮ ಕಾಯಕವಾಯಿತು. ಮೊದಲ ವಾರದಲ್ಲೇ ತಿಳಿದ ಸಂಗತಿ ನಮ್ಮನ್ನು ಕೊಂಚ ಪೆಚ್ಚಾಗಿಸಿತು: ಬೆಲೆ ಏರಿದಂತೆಲ್ಲ ಮಕ್ಕಳಿಗೆ ಜಾಗ ಕಡಿಮೆ. ವೈಕಿಂಗ್ ಮತ್ತು ವರ್ಜಿನ್ ವಾಯೇಜಸ್ ಹಡಗುಗಳಿಗೆ 18 ತುಂಬದವರನ್ನು ಹತ್ತಿಸುವುದೇ ಇಲ್ಲ. ಇನ್ನು ಕೆಲವು ಶ್ರೀಮಂತ ಹಡಗುಗಳು ಮಕ್ಕಳನ್ನು ಬೇಡವೆನ್ನುವುದಿಲ್ಲ. ಆದರೆ ಅವರಿಗೆಂದು ಏನನ್ನೂ ಇಟ್ಟಿರುವುದಿಲ್ಲ. ಎಕ್ಸ್‌ಪ್ಲೋರಾ ಜರ್ನೀಸ್‌ನವರ ಮಕ್ಕಳ ಕ್ಲಬ್ಬು 6ರಿಂದ 17 ವರ್ಷದವರಿಗೆ. ಎಂಟರ ಮಗಳು ಒಳಗೆ, ನಾಲ್ಕರ ಮಗ ಹೊರಗೆ. ಕೈಗೂಸುಗಳಿಗೆ ಸಾಮಾನ್ಯವಾಗಿ ಆರು ತಿಂಗಳಾಗಿರಬೇಕು, ದಿನಗಟ್ಟಲೆ ದಡ ಕಾಣದ ಯಾನಗಳಿಗೆ ಒಂದು ವರ್ಷ. ಈಜುಕೊಳದ ನಿಯಮ ಇನ್ನೂ ಕಟ್ಟುನಿಟ್ಟು: ಡೈಪರ್ ಬಿಡದ ಮಗುವನ್ನು, ಈಜಿಗೆಂದೇ ಮಾಡಿದ ಡೈಪರ್ ತೊಡಿಸಿದ್ದರೂ, ದೊಡ್ಡ ಕೊಳಕ್ಕೆ ಇಳಿಸುವಂತಿಲ್ಲ. ಸಾವಿರಾರು ಜನ ಒಂದೇ ಕಡೆ ಇರುವಲ್ಲಿ ವಾಂತಿಭೇದಿಯ ಭಯವಿರುವುದರಿಂದ ಇದನ್ನು ತಪ್ಪೆನ್ನಲಾಗದು.

ಒಂದು ಲೆಕ್ಕ ನಮ್ಮ ಕಣ್ಣು ತೆರೆಸಿತು. ಹಡಗಿನ ಗಾತ್ರವನ್ನು ಹೇಳುವಾಗ ಬಳಸುವ ‘ಗ್ರಾಸ್ ಟನ್’ ತೂಕವಲ್ಲ, ಒಳಗಿನ ಅವಕಾಶದ ಅಳತೆ. ಅದನ್ನು ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿದರೆ ತಲೆಗೆಷ್ಟು ಜಾಗವೆಂಬುದು ತಿಳಿಯುತ್ತದೆ. 2024ರಲ್ಲಿ ಯಾನ ಆರಂಭಿಸಿದ ದೈತ್ಯ ಹಡಗು ‘ಐಕಾನ್ ಆಫ್ ದ ಸೀಸ್’ 2,48,663 ಟನ್ನಿನದು. ಕೋಣೆಗಿಬ್ಬರಂತೆ 5,610 ಜನ. ಭಾಗಿಸಿದರೆ ಸುಮಾರು 44. ಏಳುನೂರೈವತ್ತು ಜನರಷ್ಟೇ ಹತ್ತುವ ‘ಸೆವೆನ್ ಸೀಸ್ ಎಕ್ಸ್‌ಪ್ಲೋರರ್’ನಲ್ಲಿ ಇದು 70ನ್ನು ದಾಟುತ್ತದೆ. ಮೇಲ್ದರ್ಜೆಯ ಹಡಗಿನಲ್ಲಿ ನಾವು ಕೊಳ್ಳುವುದು ಮುಖ್ಯವಾಗಿ ಇದನ್ನೇ: ಇತರರಿಂದ ದೂರ ಮತ್ತು ಮೌನ. ನಮ್ಮ ಮನೆಯಲ್ಲಿ ಹೇರಳವಾಗಿ ಸಿಗುವುದು ಇವೆರಡರ ವಿರುದ್ಧ ಪದಗಳು.

ನಡುದಾರಿಯೂ ಒಂದಿದೆ. ದೊಡ್ಡ ಹಡಗಿನೊಳಗೇ ಬೇರೆ ಕೀಲಿಯ ಬಾಗಿಲು, ಬೇರೆ ಊಟದ ಮನೆ, ಬೇರೆ ಕೊಳವಿರುವ ಸಿರಿವಂತರ ಕೇರಿ. ಎಂಎಸ್‌ಸಿಯವರ ಯಾಟ್ ಕ್ಲಬ್, ನಾರ್ವೇಜಿಯನ್ ಕಂಪನಿಯ ಹೇವನ್ ಇಂಥವು. ಮಕ್ಕಳು ಹೊರಗಿನ ಜಾರುಬಂಡೆಯಲ್ಲಿ ಆಡಬಹುದು, ಹಿರಿಯರು ಒಳಗೆ ನಿಶ್ಶಬ್ದವಾಗಿ ಕೂರಬಹುದು. ನಾವು ಇದಕ್ಕೆ ಬಹುತೇಕ ಮನಸೋತಿದ್ದೆವು. ಮಕ್ಕಳ ಕ್ಲಬ್ಬಿನ ವೇಳಾಪಟ್ಟಿಯನ್ನೂ ಇಳಿಸಿಕೊಂಡೆವು. ಬೆಳಗ್ಗೆಯಿಂದ ರಾತ್ರಿಯವರೆಗೆ ಬಣ್ಣ, ಕುಣಿತ, ಕತೆ. ಮಗುವಿನ ಮಣಿಕಟ್ಟಿಗೆ ಪಟ್ಟಿ. ತುರ್ತು ವೇಳೆ ಎಲ್ಲಿ ಸೇರಬೇಕೆಂಬ ಸಂಖ್ಯೆ ಅದರ ಮೇಲೆ. ಎಲ್ಲವೂ ಸೊಗಸು. ಮಗಳ ವಯಸ್ಸಿನವರಿಗೊಂದು ಕೋಣೆ, ಮಗನ ವಯಸ್ಸಿನವರಿಗೆ ಇನ್ನೊಂದು. ಅಷ್ಟು ಓದಿ ಮುಗಿಸಿದ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಜೊತೆಗಿರಬೇಕೆಂದು ಹೊರಟವರು, ನಾಲ್ವರನ್ನು ಮೂರು ಕಡೆ ಇಡುವ ವ್ಯವಸ್ಥೆಗೆ ಹಣ ಎಣಿಸುತ್ತಿದ್ದೆವು.

ನಾಲ್ವರೆಂದೆವು. ಅಮ್ಮನನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಎಪ್ಪತ್ತೆಂಟರ ವಯಸ್ಸು, ಮಂಡಿನೋವು. ಹದಿನೈದು ದಿನ ಅಕ್ಕನ ಮನೆಯಲ್ಲಿರುತ್ತಾರೆ ಎಂದು ನಮ್ಮೊಳಗೇ ತೀರ್ಮಾನವಾಗಿತ್ತು. ಅವರೂ ಕೇಳಿರಲಿಲ್ಲ. ಒಂದು ರಾತ್ರಿ ಮಾತ್ರ ನೀರು ಕುಡಿಯಲು ಎದ್ದವರು ಪರದೆಯ ಮೇಲಿದ್ದ ವಿಶಾಲ ಕೋಣೆಯ ಚಿತ್ರ ನೋಡಿ, “ಎಂತಕ್ಕೆ ಅಷ್ಟು ದೊಡ್ಡ ಕೋಣೆ? ಮಕ್ಕಳು ಹುಡುಕಿದರೆ ನೀವು ಸಿಕ್ಕುವುದು ಬೇಡವಾ?” ಎಂದು ಹೇಳಿ ಹೋದರು.

ಮಕ್ಕಳಿಗೆ ಕಡಲು ಒಗ್ಗುವುದೇ ಎಂದು ನೋಡಲು, ಮೇ ಕೊನೆಯ ಭಾನುವಾರ ಭಾವುಚಾ ಧಕ್ಕಾದಿಂದ ಮಾಂಡವಾಕ್ಕೆ ಹೋದೆವು. 2020ರಿಂದ ಅಲ್ಲಿಗೆ ಕಾರುಗಳನ್ನೂ ಹೊತ್ತೊಯ್ಯುವ ರೋ-ರೋ ಹಡಗಿದೆ. ಒಂದು ಗಂಟೆಯ ದಾರಿ. ಮನೆಯಲ್ಲಿ ಒಬ್ಬರೇ ಆಗುತ್ತಾರೆಂದು ಅಮ್ಮನನ್ನೂ ಕರೆದೆವು. ಮಳೆಗಾಲ ಹತ್ತಿರವಾಗಿತ್ತು. ಬಂದರಿನ ಮರೆ ದಾಟುತ್ತಲೇ ಹಡಗು ಹೊಯ್ದಾಡತೊಡಗಿತು. ಮಗಳು ಕಂಬಿ ಹಿಡಿದು ನಗುತ್ತಿದ್ದಳು. ಮಗ ಬಿಳಿಚಿಕೊಂಡು, ಬೆಳಗಿನ ದೋಸೆಯನ್ನೆಲ್ಲ ಅಜ್ಜಿಯ ಮಡಿಲಿಗೆ ಕಾರಿ, ಅಲ್ಲೇ ನಿದ್ದೆಹೋದ. ನಾವು ನೀರು, ಕರವಸ್ತ್ರ ಎಂದು ಓಡಾಡಿ ಹಿಂತಿರುಗಿದಾಗ, ಅಮ್ಮ ತಮ್ಮ ಸೆರಗಿನ ತುದಿಯನ್ನು ಅವನ ಚಡ್ಡಿಯ ಪಟ್ಟಿಗೆ ಗಂಟು ಹಾಕಿ ಕುಳಿತಿದ್ದರು.

“ಇದೆಂಥದು ಅಮ್ಮ?” ಎಂದರೆ, “ಅಭ್ಯಾಸ” ಎಂದರು. ಅನಂತರ ತಾವಾಗಿಯೇ ಹೇಳಿದರು. 1953ರಲ್ಲಿ, ಆರು ವರ್ಷದವರಾಗಿದ್ದಾಗ, ಅವರು ಮಂಗಳೂರಿನಿಂದ ಮುಂಬಯಿಗೆ ಬಂದದ್ದು ಆಗಬೋಟಿನಲ್ಲಿ. ಆಗ ಕರಾವಳಿಯುದ್ದಕ್ಕೂ ಹೊಳೆಗಳಿಗೆ ಸೇತುವೆಗಳಿರಲಿಲ್ಲ. ಕೊಂಕಣ ರೈಲು ಪೂರ್ತಿ ಓಡಿದ್ದು 1998ರಲ್ಲಿ. ಮಳೆಗಾಲ ಕಳೆದು ಹಡಗು ಶುರುವಾಗುವುದನ್ನೇ ಕಾದು, ಮಾಟುಂಗಾದ ಹೋಟೆಲಿನಲ್ಲಿ ದುಡಿಯುತ್ತಿದ್ದ ಗಂಡನನ್ನು ಸೇರಲು ನಮ್ಮ ಅಜ್ಜಿ ಹೊರಟಿದ್ದರು. ತೆರೆದ ಡೆಕ್ಕಿನ ಟಿಕೀಟು. ಚಾಪೆ ಹಾಸಿದಷ್ಟೇ ಜಾಗ. ತಗಡಿನ ಪೆಟ್ಟಿಗೆ, ಅವಲಕ್ಕಿ, ಹುಳಿಗೆ ಒಂದು ಲಿಂಬೆ. ರಾತ್ರಿ ನಿದ್ದೆ ಬಂದರೆ ಮಗು ಉರುಳಿಹೋದೀತೆಂದು ಅಜ್ಜಿ ಸೆರಗನ್ನು ಮಗಳ ಸೊಂಟಕ್ಕೆ ಕಟ್ಟಿಕೊಂಡಿದ್ದರಂತೆ. “ಅಪ್ಪನ ಮುಖ ನನಗೆ ಮರೆತೇಹೋಗಿತ್ತು. ಧಕ್ಕೆಯಲ್ಲಿ ಇವರು ಯಾರು ಎಂದು ಕೇಳಿದ್ದೆ. ಬಹಳ ಅತ್ತರಂತೆ ಅವರು” ಎಂದರು ಅಮ್ಮ, ಮಗನ ತಲೆ ಸವರುತ್ತ. ನಮ್ಮಲ್ಲೊಬ್ಬರು ಎದ್ದು ಕಂಬಿಯ ಬಳಿ ಹೋಗಿ ನಿಂತರು.

ಆ ಮೇಲಿನ ನಿರ್ಧಾರಕ್ಕೆ ಹೆಚ್ಚು ಸಮಯ ಹಿಡಿಯಲಿಲ್ಲ. ಸಿಂಗಪುರದಿಂದ ಹೊರಟು ಅಲ್ಲಿಗೇ ಮರಳುವ ದೊಡ್ಡ ಹಡಗು, ನಾಲ್ಕು ರಾತ್ರಿ, ದೀಪಾವಳಿ ರಜೆಯಲ್ಲಿ. ಮೇಲಿನ ಅಂತಸ್ತಿನ ವೈಭವದ ಕೋಣೆಗಳನ್ನು ಕೈಬಿಟ್ಟೆವು. ಹಡಗಿನ ನಡುಭಾಗದ ಕೆಳ ಅಂತಸ್ತಿನಲ್ಲಿ ಹೊಯ್ದಾಟ ಕಡಿಮೆ. ಅಲ್ಲಿ ಬಾಲ್ಕನಿಯಿರುವ ಎರಡು ಕೋಣೆ. ಕಾದಿರಿಸುವವರು ಒಂದನ್ನು ಗಮನಿಸಬೇಕು: ‘ಅಕ್ಕಪಕ್ಕದ ಕೋಣೆ’ ಎಂದರೆ ಗೋಡೆ ಮಾತ್ರ ಹಂಚಿಕೊಂಡವು, ನಡುವೆ ಬಾಗಿಲಿರುವವು ಬೇರೆಯೇ, ಅವು ಬೇಗ ಮುಗಿದುಹೋಗುತ್ತವೆ. ನಮ್ಮ ಏಜೆಂಟರು ಎರಡೂ ಒಂದೇ ಎಂಬಂತೆ ಮಾತಾಡಿದ್ದರು. ಹಡಗಿನ ನಕ್ಷೆ ತರಿಸಿ ಕೋಣೆಯ ಸಂಖ್ಯೆ ನೋಡಿದ ಮೇಲೆಯೇ ಮುಂಗಡ ಕೊಟ್ಟೆವು. ಹಡಗು ಸಿಂಗಪುರ ಬಿಟ್ಟು ಮತ್ತೆ ಅಲ್ಲಿಗೇ ಬರುವುದರಿಂದ ಒಂದಕ್ಕಿಂತ ಹೆಚ್ಚು ಸಲ ಒಳಹೋಗಲು ಅವಕಾಶವಿರುವ ವೀಸಾವೇ ಬೇಕು. ಊಟಕ್ಕೆ ಸಂಜೆಯ ಮೊದಲ ಪಂಕ್ತಿಯನ್ನೇ ಕೇಳಿದ್ದೇವೆ. ಎರಡನೆಯದರ ಹೊತ್ತಿಗೆ ಮಗ ತಟ್ಟೆಯ ಮೇಲೆ ನಿದ್ರಿಸಿರುತ್ತಾನೆ.

ಮಗಳಿಗೆ ಇನ್ನೊಂದು ಚಿಂತೆಯಿತ್ತು: ಹಡಗು ಮುಳುಗಿದರೆ? 2012ರ ಜನವರಿಯಲ್ಲಿ ಇಟಲಿಯ ತೀರದಲ್ಲಿ ಕೋಸ್ಟಾ ಕಾಂಕೋರ್ಡಿಯಾ ಬಂಡೆಗೆ ತಗುಲಿ 32 ಜನ ಸತ್ತರು. ಅಂದು ಸಂಜೆ ಹತ್ತಿದ್ದವರಿಗೆ ಇನ್ನೂ ಸುರಕ್ಷತಾ ಅಭ್ಯಾಸ ನಡೆದಿರಲಿಲ್ಲ. ಆ ಬಳಿಕ ನಿಯಮ ಬದಲಾಗಿ, ಹೊರಡುವ ಮೊದಲು ಇಲ್ಲವೆ ಹೊರಟ ಕೂಡಲೇ ಅದು ನಡೆಯಲೇಬೇಕು. ಮಕ್ಕಳ ಅಳತೆಯ ಜೀವರಕ್ಷಕ ಅಂಗಿಗಳೂ ಇರುತ್ತವೆ. ಇಷ್ಟನ್ನೂ ಅವಳಿಗೆ ವಿವರಿಸಿದೆವು. ಅವಳು ಚೌಕುಳಿ ಹಾಳೆಯಲ್ಲಿ ಎರಡು ಕೋಣೆಗಳನ್ನು ಬರೆದು ಐದು ಹಾಸಿಗೆ ಗುರುತಿಸಿದ್ದಾಳೆ. ಅಪ್ಪನ ಹಾಸಿಗೆಗೆ ಮಗನೇ ಜಾಗ ತೋರಿಸಿದನಂತೆ: ಬಾಗಿಲಿನಿಂದ ಅತಿ ದೂರದಲ್ಲಿ, ತನ್ನ ಆಚೆಗೆ.

ಅಮ್ಮನಿಗೆ ಪಾಸ್‌ಪೋರ್ಟ್ ಇರಲಿಲ್ಲ. ಕಳೆದ ವಾರ ಪರಿಶೀಲನೆಗೆ ಪೊಲೀಸ್ ಪೇದೆಯೊಬ್ಬರು ಆಂಟಾಪ್ ಹಿಲ್‌ನ ನಮ್ಮ ಕ್ವಾರ್ಟರ್ಸಿಗೆ ಬಂದಿದ್ದರು. ಜನ್ಮಸ್ಥಳ ಮಂಗಳೂರೆಂದು ಬರೆದುಕೊಂಡು, ಮುಂಬಯಿಗೆ ಯಾವಾಗ, ಹೇಗೆ ಬಂದಿರಿ ಎಂದು ಮರಾಠಿಯಲ್ಲಿ ಕೇಳಿದರು. “ತ್ರೇಪನ್ನ ಸಾಲಿ. ಆಗಬೋಟೀನೇ ಆಲೇ” ಎಂದರು ಅಮ್ಮ, ಐವತ್ಮೂರರಲ್ಲಿ ಆಗಬೋಟಿನಲ್ಲಿ ಬಂದೆ ಎಂದು. ಪೇದೆ ಲೇಖನಿ ಕೆಳಗಿಟ್ಟರು. ಅವರ ಅಜ್ಜನೂ ರತ್ನಾಗಿರಿಯಿಂದ ಬಂದದ್ದು ಹಾಗೆಯೇ ಅಂತೆ. ಅರ್ಜಿ ಮೇಜಿನ ಮೇಲೆಯೇ ಉಳಿಯಿತು. ನಾವು ಎರಡನೆಯ ಸಲ ಚಹಾ ಮಾಡಬೇಕಾಯಿತು.